ಬಾಗಿಲ ಹಿಂದಿನ ಗೆರೆಗಳು

ನಮ್ಮ ಅಡುಗೆಕೋಣೆಯ ಬಾಗಿಲಿನ ಹಿಂದೆ, ಬಾಗಿಲು ತೆರೆದರೆ ಮರೆಯಾಗುವ ಜಾಗದಲ್ಲಿ, ಗೋಡೆಯ ತುಂಬ ಇದ್ದಿಲಿನ ಗೆರೆಗಳಿದ್ದವು. ಅಜ್ಜಿಗೆ ಓದು ಬರಹ ಬಾರದು. ಒಂದೊಂದು ಮನೆಗೆ ಒಂದೊಂದು ಗುರುತು ಮಾಡಿಕೊಂಡಿದ್ದಳು. ಹಲಸಿನ ಮರದ ಮನೆಗೆ ಮುಳ್ಳುಮುಳ್ಳಾದ ಒಂದು ಸುತ್ತು, ಜೋಡೆತ್ತಿನ ಮನೆಗೆ ಎರಡು ಕೊಂಬು, ಬಾವಿ ಮನೆಗೆ ಒಂದು ರಾಟೆ. ಗುರುತಿನ ಮುಂದೆ ಮೇಲುಸಾಲಿನಲ್ಲಿ ಎಳೆದ ಗೆರೆಗಳು ಅವರು ನಮ್ಮ ಗದ್ದೆಗೆ ಬಂದ ದಿನಗಳು, ಕೆಳಸಾಲಿನವು ನಾವು ಅವರ ಗದ್ದೆಗೆ ಹೋದ ದಿನಗಳು. ಮೇಲಿನದಕ್ಕೆ ಕೆಳಗಿನದು ಸರಿಹೋದ ದಿನ ಹೆಬ್ಬೆರಳನ್ನು ಸಗಣಿ ನೀರಿನಲ್ಲಿ ಅದ್ದಿ ಎರಡನ್ನೂ ಒರೆಸಿಬಿಡುತ್ತಿದ್ದಳು. ಒರೆಸಿದ ಮೇಲೆ ಒಂದು ಉಸಿರು ಬಿಡುತ್ತಿದ್ದಳು. ತಲೆಯ ಮೇಲಿನ ಪುಳ್ಳೆ ಹೊರೆ ಇಳಿಸಿದಾಗ ಬಿಡುವಂಥ ಉಸಿರು ಅದು.

ಇದು ಮುಯ್ಯಿ ಲೆಕ್ಕ. ಮಂಡ್ಯ ಸೀಮೆಯ ಒಕ್ಕಲು ಮನೆಗಳಲ್ಲಿ ಹುಟ್ಟಿದವರಿಗೆ ವಿವರಿಸಬೇಕಾಗಿಲ್ಲ. ನಾಟಿಗೋ ಕೊಯ್ಲಿಗೋ ನೀವು ನಮ್ಮ ಗದ್ದೆಗೆ ಒಂದು ದಿನ ಬಂದರೆ ನಾವು ನಿಮ್ಮ ಗದ್ದೆಗೆ ಒಂದು ದಿನ ಬರುತ್ತೇವೆ. ನಡುವೆ ದುಡ್ಡಿಲ್ಲ. ಕರೆದ ಮನೆಯವರು ಊಟ ಹಾಕಬೇಕು. ಇಪ್ಪತ್ತರ ಹುಡುಗಿಯ ಒಂದು ದಿನಕ್ಕೂ ಅರವತ್ತರ ಮುದುಕಿಯ ಒಂದು ದಿನಕ್ಕೂ ಒಂದೇ ಬೆಲೆ. ಗೌರಿ ಹಬ್ಬಕ್ಕೆ ಸುಣ್ಣ ಬಳಿಯುವ ಮುನ್ನ ಗೋಡೆಯ ಗೆರೆಗಳನ್ನೆಲ್ಲ ಎಲ್ಲಾದರೂ ಇಳಿಸಿಕೊಳ್ಳಬೇಕಲ್ಲ. ನಾನು ಮೂರನೆಯ ತರಗತಿಗೆ ಬಂದ ವರ್ಷದಿಂದ ಆ ಕೆಲಸ ನನ್ನದಾಯಿತು. ಅಜ್ಜಿ ಹೇಳುತ್ತಾ ಹೋಗುವಳು, ನಾನು ಕಾಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆಯುತ್ತಾ ಹೋಗುವೆ. ನಾಯಕತ್ವದ ಬಗ್ಗೆ ಮಾತನಾಡಲು ಕಾಲೇಜಿನ ಕಿರಿಯರು ನನ್ನನ್ನು ಈಗ ಆಗಾಗ ಕರೆಯುತ್ತಾರೆ. ನನಗೆ ಗೊತ್ತಿರುವುದು ಆ ಹಾಳೆಯಲ್ಲಿ ಕಲಿತದ್ದೇ. ಅದನ್ನು ಕಲಿತಿದ್ದೇನೆ ಎಂದು ತಿಳಿಯಲು ಮಾತ್ರ ಹತ್ತು ಹನ್ನೆರಡು ವರ್ಷ ಬೇಕಾಯಿತು.

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿದೆ, ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ. ನಾಲೆಯ ಮೊದಲ ಭಾಗದವರು ಎರಡು ಬೆಳೆ ಎಂದು ಮಾತನಾಡುವಾಗ ನಮ್ಮವರು ಕಟ್ಟು ನೀರು, ಅಂದರೆ ಸರದಿಯ ನೀರು, ಯಾವ ದಿನ ಬರುತ್ತದೆ, ಬಂದರೆ ನಮ್ಮ ತೂಬಿನವರೆಗೆ ಮುಟ್ಟುತ್ತದೆಯೇ ಎಂದು ಮಾತನಾಡುತ್ತಾರೆ. ಊರ ದೇವಸ್ಥಾನದ ಹಿಂದೆ ಒಂದು ಕಲ್ಯಾಣಿ ಇದೆ. ಮೇಲುಕೋಟೆಯ ಕಲ್ಯಾಣಿಯಂತೆ ಮಂಟಪ, ಕೈಸಾಲೆ ಯಾವುದೂ ಇಲ್ಲ. ನಾಲ್ಕು ಕಡೆ ಕಲ್ಲಿನ ಮೆಟ್ಟಿಲು, ಮೂಲೆಯಲ್ಲಿ ಸವೆದುಹೋದ ಒಂದು ಬಸವ. ನಾನು ಕಂಡ ಕಾಲದಿಂದಲೂ ಅದರಲ್ಲಿ ಇದ್ದದ್ದು ಹಸಿರು ಪಾಚಿ ಮತ್ತು ಕಸ.

ಪದವಿಗೆಂದು ಮಂಡ್ಯದ ಕಾಲೇಜಿಗೆ ಸೇರಿದಾಗ ರಾಷ್ಟ್ರೀಯ ಸೇವಾ ಯೋಜನೆಯ ಘಟಕಕ್ಕೆ ಹೆಸರು ಕೊಟ್ಟೆ. 1969ರ ಸೆಪ್ಟೆಂಬರ್ 24ರಂದು ಶುರುವಾದ ಯೋಜನೆ ಅದು, ಧ್ಯೇಯವಾಕ್ಯ ‘ನನಗಲ್ಲ, ನಿನಗೆ’. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನಗಳ ವಿಶೇಷ ಶಿಬಿರ. 2023ರ ಫೆಬ್ರವರಿಯ ಶಿಬಿರವನ್ನು ನಮ್ಮೂರಿನಲ್ಲೇ ಮಾಡೋಣವೆಂದು ಕಾರ್ಯಕ್ರಮಾಧಿಕಾರಿಗಳ ಬೆನ್ನು ಬಿದ್ದು ಒಪ್ಪಿಸಿದೆ. ಐವತ್ತು ಜನ ಶಿಬಿರಾರ್ಥಿಗಳು, ಶಿಬಿರ ನಾಯಕಿ ನಾನು. ನಮ್ಮ ತಾಲ್ಲೂಕಿನವರೇ ಆದ ದಾಸನದೊಡ್ಡಿಯ ಕಾಮೇಗೌಡರು ಅದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ ತೀರಿಕೊಂಡಿದ್ದರು. ಕುರಿ ಕಾಯುತ್ತಲೇ ಕುಂದಿನಿ ಬೆಟ್ಟದ ಮೇಲೆ ಸಾಲು ಕಟ್ಟೆಗಳನ್ನು ತೋಡಿದವರು. ಶಿಬಿರದ ಉದ್ಘಾಟನೆಯಲ್ಲಿ ಅವರ ಹೆಸರು ಹೇಳಿ ನಾನು ಭಾಷಣ ಮಾಡಿದೆ. ಒಬ್ಬ ಮನುಷ್ಯ ಮನಸ್ಸು ಮಾಡಿದರೆ ಸಾಕು ಎಂದೆ.

ಏಳು ದಿನ ನಿಜಕ್ಕೂ ದುಡಿದೆವು. ಬೆಳಗಿನ ಆರಕ್ಕೆ ಧ್ವಜಾರೋಹಣ, ಏಳರಿಂದ ಶ್ರಮದಾನ. ಸುತ್ತಲಿನ ಪಾರ್ಥೇನಿಯಂ ಕಿತ್ತೆವು, ಲಂಟಾನ ಕಡಿದೆವು, ನೀರಿನ ಮೇಲೆ ತೇಲುತ್ತಿದ್ದ ಕಸವನ್ನೆಲ್ಲ ಎರಡು ಟ್ರ್ಯಾಕ್ಟರ್ ಲೋಡಾಗುವಷ್ಟು ಎತ್ತಿದೆವು. ಊರವರು ಅರಳಿಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕೊನೆಯ ದಿನ ಫೋಟೊ ತೆಗೆಸಿಕೊಂಡೆವು. ಉಗಾದಿಯ ಹೊತ್ತಿಗೆ ಮೊದಲ ಪ್ಲಾಸ್ಟಿಕ್ ಚೀಲ ತೇಲಿತು. ಜೂನ್ ತಿಂಗಳಿಗೆ ಹಳೆಯ ಕ್ಯಾಲೆಂಡರ್ ದೇವರುಗಳು, ಒಣಗಿದ ಹಾರಗಳು, ಮದ್ಯದ ಪೊಟ್ಟಣಗಳು ಎಲ್ಲವೂ ಮೊದಲಿನಂತೆಯೇ ಬಂದು ಕೂತವು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ನಿಂತಿದ್ದವರ ಎದುರಿಗೇ ಕೂಗಾಡಿದೆ. ನಿಮಗಾಗಿ ಎಲ್ಲಿಂದಲೋ ಮಕ್ಕಳು ಬಂದು ಕೆಸರು ಹೊತ್ತರು, ನಿಮಗೆ ನಾಚಿಕೆಯಿಲ್ಲವೇ ಎಂದೆ. ಯಾರೂ ಎದುರಾಡಲಿಲ್ಲ. ಸಂಜೆಯ ಹೊತ್ತಿಗೆ ಮಾತು ಮನೆ ಮುಟ್ಟಿತ್ತು. ಅವ್ವ ನನ್ನ ಮುಖ ನೋಡದೆ ಸೊಪ್ಪು ಸೋಸುತ್ತಿದ್ದಳು. ಅಜ್ಜಿ ಮಾತ್ರ ಕೇಳಿದಳು: “ನೀನು ಅವರನ್ನು ಕರೆದಿದ್ದೆಯಾ?”

“ಊರ ಕೆಲಸ ಅಜ್ಜಿ. ಅದಕ್ಕೆ ಕರೆಯಬೇಕೇ?”

“ಕರೆಯದ ಮನೆಗೆ ಯಾರು ಬರುತ್ತಾರೆ? ಅದಿರಲಿ, ನೀನು ಅವರಲ್ಲಿ ಯಾರ ಹೊಲಕ್ಕೆ ಹೋಗಿದ್ದೀಯ? ಕೆಳಸಾಲು ಖಾಲಿ ಇಟ್ಟುಕೊಂಡು ಮೇಲುಸಾಲಿಗೆ ಗೆರೆ ಎಳೆ ಎಂದರೆ ಹೇಗೆ?”

ಉತ್ತರ ಹೊಳೆಯಲಿಲ್ಲ. ಕಾಮೇಗೌಡರ ಬಗ್ಗೆ ನಾನು ಆಡಿದ್ದ ಮಾತನ್ನು ಆ ರಾತ್ರಿ ಮತ್ತೆ ಯೋಚಿಸಿದೆ. ಅವರು ತೋಡಿದ್ದು ಬೆಟ್ಟದ ಮೇಲೆ. ಕುರಿ, ನವಿಲು, ಹಕ್ಕಿಗಳಿಗೆ ನೀರು ಸಿಗಲೆಂದು. ಅಲ್ಲಿ ಒಬ್ಬರ ಹಟ ಸಾಕಾಯಿತು, ಅಂಥ ಹಟ ಯುಗಕ್ಕೊಬ್ಬರಿಗೆ ಬರುತ್ತದೆ. ನಮ್ಮ ಕಲ್ಯಾಣಿಯ ಸುತ್ತ ಇರುವುದು ಮನೆಗಳು. ಪ್ರತಿ ಮನೆಯ ಕೈ ದಿನವೂ ಅದಕ್ಕೆ ಏನಾದರೊಂದು ಹಾಕುತ್ತದೆ. ಆ ಕೈಗಳನ್ನು ಬಿಟ್ಟು ಮಾಡಿದ ಕೆಲಸ ನಿಲ್ಲುವುದಿಲ್ಲ.

ಆ ವರ್ಷ ಮಳೆ ಕೈಕೊಟ್ಟಿತು. ಆಗಸ್ಟ್, ಸೆಪ್ಟೆಂಬರ್ ಹೇಗಿದ್ದವೆಂದು ಮಂಡ್ಯದವರು ಮರೆಯುವುದಿಲ್ಲ. ಕನ್ನಂಬಾಡಿ ಕಟ್ಟೆ ತುಂಬಲಿಲ್ಲ, ತಮಿಳುನಾಡಿಗೆ ನೀರು ಬಿಡುವ ಆದೇಶದ ಮೇಲೆ ಊರೂರಿನಲ್ಲಿ ಧರಣಿ, ಸೆಪ್ಟೆಂಬರ್ 23ರಂದು ಮಂಡ್ಯ ಬಂದ್, 29ರಂದು ರಾಜ್ಯವೇ ಬಂದ್. ಅಪ್ಪ ಎರಡು ದಿನ ಧರಣಿಯಲ್ಲಿ ಕೂತು ಬಂದ. ನಮ್ಮ ಗದ್ದೆಯಲ್ಲಿ ಒಟ್ಟಲು ಹಾಕಿದ ಪೈರು ನಾಟಿ ಕಾಣದೆ ಹಳದಿಯಾಯಿತು. ನಾಟಿಯೇ ಇಲ್ಲವೆಂದ ಮೇಲೆ ಮುಯ್ಯಿಯೂ ಇಲ್ಲ. ಅಜ್ಜಿಯ ಪುಸ್ತಕದಲ್ಲಿ ಆ ವರ್ಷ ಒಂದು ಗೆರೆಯೂ ಬೀಳಲಿಲ್ಲ. ಅಷ್ಟರಲ್ಲಿ ಕಲ್ಯಾಣಿ ಪೂರ್ತಿ ಒಣಗಿ, ಹೂಳು ಬಿರುಕು ಬಿಟ್ಟು ನಿಂತಿತ್ತು. ಹೂಳೆತ್ತಲು ಇಂಥ ಸಮಯ ಮತ್ತೆ ಸಿಗದು ಎಂದು ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ನಾವೇ ಏಳು ಜನ ಮಾತನಾಡಿಕೊಂಡೆವು. ಆ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾಗಿತ್ತು. ಪಿಯುಸಿಗೇ ನಿಲ್ಲಬೇಕಿದ್ದ ಇಬ್ಬರು ನಮ್ಮೂರಿನ ಹುಡುಗಿಯರು ಆ ವರ್ಷ ಮಂಡ್ಯಕ್ಕೆ ಬರಲು ಶುರುಮಾಡಿದ್ದರು. ನಮ್ಮ ಸಭೆಗಳೆಲ್ಲ ನಡೆದದ್ದು ಆ ಬೆಳಗಿನ ಬಸ್ಸಿನ ಹಿಂದಿನ ಸೀಟುಗಳಲ್ಲಿ.

ಈ ಬಾರಿ ನಾನು ಮೊದಲು ಮಾಡಿದ್ದು ಒಂದು ಇನ್ನೂರು ಪುಟದ ಪುಸ್ತಕ ಕೊಂಡದ್ದು. ಪುಟಕ್ಕೊಂದು ಮನೆ, ಮನೆಗೊಂದು ಗುರುತು, ಮೇಲುಸಾಲು, ಕೆಳಸಾಲು. ಒಂದು ಹೊತ್ತಿನ ಕೆಲಸಕ್ಕೆ ಒಂದು ಗೆರೆ. ಕೆಳಸಾಲನ್ನು ಮೊದಲು ತುಂಬುವುದು, ಅಂದರೆ ನಾವು ಮೊದಲು ಅವರ ಕೆಲಸಕ್ಕೆ ಹೋಗುವುದು; ಕಲ್ಯಾಣಿಯ ಮಾತನ್ನೇ ಎತ್ತುವುದು ಬೇಡ ಎಂದು ಏಳೂ ಜನ ಒಪ್ಪಿಕೊಂಡೆವು.

ಬರಗಾಲದಲ್ಲಿ ಹೊಲದ ಕೆಲಸ ಎಲ್ಲಿಂದ ಬರಬೇಕು? ಬೇರೆ ಕೆಲಸಗಳು ಕಣ್ಣಿಗೆ ಬಿದ್ದವು. ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತ್ತು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಆದರೆ ನಮ್ಮೂರಿನಲ್ಲಿ ಅನೇಕ ಹೆಂಗಸರಿಗೆ ದುಡ್ಡು ಬಂದಿರಲಿಲ್ಲ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು; ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ; ಖಾತೆಯೇ ನಿಷ್ಕ್ರಿಯವಾಗಿದೆ. ಒಬ್ಬೊಬ್ಬರ ಕಾಗದ ಹಿಡಿದು ಬ್ಯಾಂಕಿಗೆ, ನಾಡಕಚೇರಿಗೆ ಹೋಗಿ ಬಂದೆವು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತ ಹೇಳಿಕೊಟ್ಟೆವು. ಹಿರಿಯರನ್ನು ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋದೆವು. ನಮ್ಮಲ್ಲಿ ಇಬ್ಬರು ಹುಡುಗರು ಮೂರು ಭಾನುವಾರ ಒಂದು ಮನೆಯ ಸೂರಿನ ಹೆಂಚು ಕೈಯಾಡಿಸಿಕೊಟ್ಟರು. ಇವೆಲ್ಲವನ್ನೂ ಬರೆದುಕೊಂಡೆ. ಉಪಕಾರವನ್ನು ಬರೆದಿಟ್ಟುಕೊಳ್ಳುವುದೇ ಎಂದು ಒಬ್ಬ ಗೆಳತಿಗೆ ಬೇಸರವಾಯಿತು. ಉಪಕಾರವಾದರೆ ಬರೆಯಬಾರದು, ನಿಜ. ಇದು ಮುಯ್ಯಿ, ಬರೆಯದಿದ್ದರೆ ಅದು ಉಪಕಾರವಾಗಿಬಿಡುತ್ತದೆ, ಪಡೆದವರ ತಲೆ ತಗ್ಗುತ್ತದೆ. ಈ ಮಾತನ್ನು ಅವಳಿಗೆ ಹೇಳುವಾಗ ನನಗೇ ಸ್ಪಷ್ಟವಾಯಿತು.

ಇಲ್ಲಿಯವರೆಗೆ ಹೇಳಿದ್ದು ನಮ್ಮ ಬೀದಿಗಳ ಮಾತು. ಇನ್ನು ಮುಂದಿನದನ್ನು ಬರೆಯಲೆಂದೇ ಇಷ್ಟು ಬರೆದೆ.

ನಮ್ಮೂರಿನಲ್ಲಿ ರಸ್ತೆಯ ಆಚೆ ದಲಿತರ ಕೇರಿ ಇದೆ. ಅಜ್ಜಿಯ ಗೋಡೆಯ ಮೇಲೆ ಇಪ್ಪತ್ತಾರು ಮನೆಗಳ ಗುರುತಿದ್ದವು. ರಸ್ತೆಯಾಚೆಯ ಒಂದು ಮನೆಯ ಗುರುತೂ ಇರಲಿಲ್ಲ. ಅಲ್ಲಿಂದ ನಮ್ಮ ಗದ್ದೆಗೆ ಜನ ಬರುತ್ತಿದ್ದರು, ಆದರೆ ಕೂಲಿಗೆ. ಮುಯ್ಯಿ ಎಂದರೆ ತಿರುಗಿ ಹೋಗಬೇಕು. ನಮ್ಮವರು ಅವರ ಹೊಲಕ್ಕೆ ಹೋಗಿ ಬಗ್ಗುವುದುಂಟೇ? ಅವರ ಮನೆಯಲ್ಲಿ ಉಣ್ಣುವುದುಂಟೇ? ಕಲ್ಯಾಣಿಯೂ ಹಾಗೆಯೇ. ನೀರಿದ್ದ ಕಾಲದಲ್ಲಿ ಕೇರಿಯವರು ಮೆಟ್ಟಿಲು ಇಳಿಯುವಂತಿರಲಿಲ್ಲ. ಮೇಲೆ ನಿಂತು, ಯಾರಾದರೂ ಮೊಗೆದು ಹೊಯ್ದರೆ ಹಿಡಿದುಕೊಂಡು ಹೋಗಬೇಕಿತ್ತು. ನಮ್ಮ ಮನೆಯ ಮುಯ್ಯಿಯನ್ನು ನಾನು ಊರೆಲ್ಲ ಹೊಗಳಿಕೊಂಡು ತಿರುಗುತ್ತಿದ್ದೆ. ಅದಕ್ಕೆ ಒಂದು ಬೇಲಿ ಇತ್ತು ಎನ್ನುವುದು ಅಷ್ಟು ವರ್ಷ ಆ ಗೆರೆಗಳನ್ನು ನಕಲು ಮಾಡಿದ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಕಣ್ಣಿಗೆ ಬೀಳಿಸಿದ್ದು ನಮ್ಮ ಬಸ್ಸಿನ ಗುಂಪಿನಲ್ಲೇ ಇದ್ದ ಕೇರಿಯ ಹುಡುಗ, ನನಗಿಂತ ಒಂದು ವರ್ಷ ಚಿಕ್ಕವನು. ಕೇರಿಯವರನ್ನೂ ಕಲ್ಯಾಣಿ ಕೆಲಸಕ್ಕೆ ಕರೆಯೋಣ ಎಂದು ನಾನು ಉತ್ಸಾಹದಿಂದ ಹೇಳಿದಾಗ ಅವನು ಸುಮ್ಮನಿದ್ದ. ಆಮೇಲೆ ಬಸ್ ಇಳಿದು ನಡೆಯುವಾಗ ಹೇಳಿದ: “ಅಕ್ಕ, ನಮ್ಮವರು ನಿಮ್ಮೂರಿಗೆ ದುಡ್ಡಿಲ್ಲದೆ ಎಷ್ಟು ತಲೆಮಾರು ದುಡಿದಿದ್ದಾರೆ ಗೊತ್ತೇ? ಅದಕ್ಕೆ ಬಿಟ್ಟಿ ಚಾಕರಿ ಎಂದು ಹೆಸರು. ನೀವು ಈಗ ಅದಕ್ಕೆ ಶ್ರಮದಾನ ಎಂದು ಹೆಸರಿಟ್ಟು ಕರೆದರೆ ನನ್ನ ಅಪ್ಪ ಏನೆಂದುಕೊಳ್ಳಬೇಕು?” ನಿಮ್ಮೂರು ಎಂದಿದ್ದ. ಒಂದೇ ಊರಿನವರು ನಾವು.

ಅಂದು ರಾತ್ರಿ ಪುಸ್ತಕದಲ್ಲಿ ಹೊಸ ಪುಟಗಳನ್ನು ತೆರೆದೆ, ಹದಿನೇಳು ಮನೆಗಳಿಗೆ. ಗುರುತುಗಳನ್ನು ಅವರವರನ್ನೇ ಕೇಳಿ ಬರೆದೆ. ಒಬ್ಬರು ತಮಟೆ ಬರೆ ಎಂದರು, ಒಬ್ಬರು ಹುಣಸೆಮರ ಎಂದರು, ಒಬ್ಬ ತಾಯಿ ತನ್ನ ಮಗಳು ಶುಶ್ರೂಷಕಿಯಾಗಿದ್ದಾಳೆಂದು ಅವಳ ಟೋಪಿ ಬರೆಸಿದಳು. ಕೆಲಸಕ್ಕೆ ಮೊದಲು ನಾವೇ ಬರುತ್ತೇವೆ, ನಿಮಗೆ ಯಾವ ದಿನ ಕೈ ಬೇಕು ಹೇಳಿ ಎಂದೆ. ಬಹಳ ಜನ ನಂಬಲಿಲ್ಲ. ಹಾಗೆ ನೋಡಿದರೆ ನಂಬಲು ಕಾರಣವೇನಿತ್ತು?

ಕೊನೆಗೆ ಕರೆ ಬಂದದ್ದು ಹಳೆಯ ನೀರುಗಂಟಿ ತಾತನ ಮನೆಯಿಂದ. ಒಂದು ಕಾಲದಲ್ಲಿ ಊರ ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ನೋಡುವುದು ಅವರ ಮನೆತನದ ಕೆಲಸ. ಅರ್ಧ ಎಕರೆ ಹೊಲದಲ್ಲಿ ಹುರುಳಿ ಹಾಕಿದ್ದರು, ಕೀಳಬೇಕಿತ್ತು. ನಾವು ಐದು ಜನ ಹೊರಟೆವು. ಬೆಳಿಗ್ಗೆ ಚಪ್ಪಲಿ ಮೆಟ್ಟುವಾಗ ನೋಡಿದರೆ ಅವ್ವ ಸೀರೆ ಎತ್ತಿಕಟ್ಟಿ, ತಲೆಗೆ ಟವಲ್ ಸುತ್ತಿ ಬಾಗಿಲಲ್ಲಿ ನಿಂತಿದ್ದಳು. “ಹುರುಳಿ ಕೀಳುವುದು ನಿಮಗೆಲ್ಲಿ ಬರುತ್ತದೆ? ಬಿಸಿಲೇರಿದರೆ ಕಾಯಿ ಸಿಡಿದು ಕಾಳೆಲ್ಲ ನೆಲಕ್ಕೆ ಹೋಗುತ್ತದೆ” ಎಂದಳು. ಅಷ್ಟೇ ಮಾತು. ನಾನು ಅವಳನ್ನು ಕರೆದಿರಲಿಲ್ಲ.

ಮಂಜಿನ ತೇವ ಇರುವಾಗಲೇ ಶುರುಮಾಡಿ ಹತ್ತೂವರೆಗೆ ಮುಗಿಸಿದೆವು. ಮುಯ್ಯಿಯ ಕಟ್ಟಳೆಯಂತೆ ಊಟ. ತಾತನ ಸೊಸೆ ಹಟ್ಟಿಯ ಮುಂದೆ ಈಚಲು ಚಾಪೆ ಹಾಸಿ ತಟ್ಟೆ ಇಟ್ಟಳು. ಮುದ್ದೆ, ಹುರುಳಿಕಾಳಿನ ಬಸ್ಸಾರು. ನಾವು ವಿದ್ಯಾರ್ಥಿಗಳು ಕೂತೆವು, ನಮಗದು ಕಷ್ಟವಾಗಲಿಲ್ಲ. ಅವ್ವ ಕೈ ತೊಳೆದವಳು ಹಾಗೆಯೇ ನಿಂತಿದ್ದಳು. ತಾತನ ಸೊಸೆಯೂ ಬಡಿಸುವ ಮರದ ಸೌಟನ್ನು ಹಿಡಿದು ನಿಂತಿದ್ದಳು. ಕೂರಿ ಎಂದು ಅವಳು ಹೇಳಲಿಲ್ಲ. ಹೇಳಿ, ಬೇಡ ಎನ್ನಿಸಿಕೊಳ್ಳುವುದು ಅವಳಿಗೆ ಎಷ್ಟು ಸಲ ಆಗಿತ್ತೋ. ಅವ್ವನ ಬೆರಳ ತುದಿಯಿಂದ ನೀರು ಮಣ್ಣಿಗೆ ತೊಟ್ಟಿಕ್ಕುತ್ತಿತ್ತು. ಕೊನೆಯ ಹನಿ ಬಿದ್ದ ಮೇಲೆ ಅವಳು ಸೆರಗು ಸರಿಮಾಡಿಕೊಂಡು ನನ್ನ ಪಕ್ಕದಲ್ಲಿ ಕೂತಳು. ಮುದ್ದೆ ಮುರಿದಳು. ಎರಡನೆಯ ಸಲ ಸಾರು ಕೇಳಿ ಹಾಕಿಸಿಕೊಂಡಳು.

ಮನೆಗೆ ಬಂದಾಗ ಅಜ್ಜಿಗೆ ಸುದ್ದಿ ಆಗಲೇ ತಿಳಿದಿತ್ತು. ಅಂದು ಅವಳು ಯಾರೊಂದಿಗೂ ಮಾತನಾಡಲಿಲ್ಲ. ರಾತ್ರಿ ಊಟವನ್ನೂ ಮಾಡಲಿಲ್ಲ. ಎಂಬತ್ತು ದಾಟಿದ ಜೀವ, ಇವಳ ಮನಸ್ಸು ನೋಯಿಸಿ ನಾನು ಸಾಧಿಸಬೇಕಾದದ್ದೇನು ಎಂದು ನನಗೂ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಜಗಲಿಯ ಮೇಲೆ ಕೂತಿದ್ದವಳು ಕರೆದು ಕೇಳಿದಳು: “ಹುರುಳಿ ಕಿತ್ತದ್ದು ನೀವು, ಊಟ ಅವರದು. ಅದು ಸರಿಹೋಯಿತು. ಅವರು ನಮ್ಮ ಗದ್ದೆಗೆ ಎಷ್ಟು ವರ್ಷ ಬಂದಿದ್ದಾರೆ, ಅದನ್ನು ಎಲ್ಲಿ ಬರೆದಿದ್ದೀಯ?”

ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಇಂದಿಗೂ ಇಲ್ಲ.

ಡಿಸೆಂಬರ್ ಕೊನೆಯ ಭಾನುವಾರ ಕಲ್ಯಾಣಿಗೆ ಮೊದಲ ಗುದ್ದಲಿ ಬಿತ್ತು. ಅದಕ್ಕೂ ಮೊದಲು ನಡೆದ ಸಭೆಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಹೇಳಬೇಕು, ಇಂಥ ಕೆಲಸಕ್ಕೆ ಕೈ ಹಾಕುವವರಿಗೆ ಬೇಕಾದೀತು. ಮೊದಲ ಸಭೆಯನ್ನು ದೇವಸ್ಥಾನದ ಜಗಲಿಯ ಮೇಲೆ ಕರೆದಿದ್ದೆ. ಕೇರಿಯವರು ಬಂದು ಕೆಳಗೆ ನಿಂತುಕೊಂಡರು. ಮೇಲೆ ಬನ್ನಿ ಎಂದು ನಾನು ಎಷ್ಟು ಕರೆದರೂ ಬರಲಿಲ್ಲ. ಬರುವಂತೆ ಒತ್ತಾಯಿಸುವುದಕ್ಕಿಂತ ಜಾಗ ಬದಲಿಸುವುದು ಮೇಲು ಎಂದು ಎರಡನೆಯ ಸಭೆಯನ್ನು ಸರ್ಕಾರಿ ಶಾಲೆಯ ಅಂಗಳಕ್ಕೆ ತಂದೆವು. ಎಲ್ಲರೂ ಓದಿದ ಶಾಲೆ, ಎಲ್ಲರೂ ನೆಲದ ಮೇಲೆ ಕೂತರು. ಶಿಬಿರದಲ್ಲಿ ಎಲ್ಲ ತೀರ್ಮಾನವನ್ನೂ ನಾನೇ ಹೇಳುತ್ತಿದ್ದೆ. ಇಲ್ಲಿ ಪುಸ್ತಕ ತೆರೆದು ಕೂತು, ಯಾರು ಏನು ಹೇಳಿದರು ಎಂದು ಬರೆದು, ಕೊನೆಗೆ ಅದನ್ನೇ ಓದಿ ಹೇಳುವುದು ಮಾತ್ರ ನನ್ನ ಕೆಲಸ ಎಂದಿಟ್ಟುಕೊಂಡೆ. ತಮ್ಮ ಮಾತನ್ನು ಯಾರೋ ಬರೆದುಕೊಳ್ಳುತ್ತಿದ್ದಾರೆ ಎಂದಾಗ ಜನ ತೂಕವಾಗಿ ಮಾತನಾಡುತ್ತಾರೆ.

ನರೇಗಾದಲ್ಲೇ ಪೂರ್ತಿ ಮಾಡಿಸಬಾರದೇಕೆ ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆ. ಆ ವರ್ಷ ದಿನಕ್ಕೆ 316 ರೂಪಾಯಿ ಕೂಲಿ ಇತ್ತು, ಬರಗಾಲದಲ್ಲಿ ಅದು ಸಣ್ಣ ದುಡ್ಡಲ್ಲ. ಚರ್ಚಿಸಿ, ಬೇಸಿಗೆ ಮುಗಿಯುವುದರೊಳಗೆ ಆಗಬೇಕಾದ ಹೂಳೆತ್ತುವಿಕೆಯನ್ನು ಮುಯ್ಯಿಯಲ್ಲೂ, ಕಾಲುವೆ ಮತ್ತು ರಸ್ತೆಯ ಕೆಳಗಿನ ಕೊಳವೆಯ ಕೆಲಸವನ್ನು ಗ್ರಾಮಸಭೆಯಲ್ಲಿ ಇಟ್ಟು ಪಂಚಾಯಿತಿಯ ಮೂಲಕವೂ ಮಾಡುವುದೆಂದು ಗೊತ್ತುಮಾಡಿದೆವು.

ಆ ಕಾಲುವೆಯ ಸಂಗತಿ ತಿಳಿದದ್ದೇ ನೀರುಗಂಟಿ ತಾತನಿಂದ. ಕಲ್ಯಾಣಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಶಿಬಿರದ ಐವತ್ತು ಜನರಲ್ಲಿ ಒಬ್ಬರೂ ಕೇಳಿರಲಿಲ್ಲ. ತಾತ ಊರುಗೋಲು ಹಿಡಿದು ಬಂದು, ಕಲ್ಯಾಣಿಯ ಮೂಡಲ ಮೂಲೆಯಿಂದ ಬೋರೆಯ ದಿಬ್ಬದ ಕಡೆಗೆ ಹೆಜ್ಜೆ ಎಣಿಸುತ್ತಾ ನಡೆದರು. ರಸ್ತೆ ದಾಟಿ, ತಿಪ್ಪೆಯ ಬಳಿ ನಿಂತು ಕೋಲೂರಿದರು. “ಇದರ ಕೆಳಗೆ ಕಲ್ಲುಗಾಲುವೆ ಇದೆ. ಬೋರೆಯ ಮಳೆನೀರೆಲ್ಲ ಇದರಲ್ಲಿ ಇಳಿಯುತ್ತಿತ್ತು. ರಸ್ತೆ ಎತ್ತರಿಸಿದ ಮೇಲೆ ಬಾಯಿ ಮುಚ್ಚಿತು.” ತಿಪ್ಪೆ ಬಗೆದಾಗ ಮೊಣಕಾಲು ಆಳದಲ್ಲಿ ಚಪ್ಪಡಿ ಸಿಕ್ಕಿತು. ಯಾವ ಕಲ್ಯಾಣಿಯ ಮೆಟ್ಟಿಲಿಗೆ ಅವರು ಕಾಲಿಡುವಂತಿರಲಿಲ್ಲವೋ ಅದರ ನೀರಿನ ದಾರಿಯನ್ನು ಊರಿನಲ್ಲಿ ನೆನಪಿಟ್ಟುಕೊಂಡಿದ್ದವರು ಅವರೊಬ್ಬರೇ.

ಹೂಳೆತ್ತುವ ಕೆಲಸ ಹದಿಮೂರು ಭಾನುವಾರ ನಡೆಯಿತು. ಬಿದಿರು ಚುಚ್ಚಿ ನೋಡಿದಾಗ ಮಧ್ಯದಲ್ಲಿ ಎರಡಾಳು ಹೂಳು. ಮೇಲಿನ ಪದರ ಪೂರ್ತಿ ಪ್ಲಾಸ್ಟಿಕ್, ಗಾಜು, ಹಳೆಯ ಗಣಪತಿಗಳ ತಂತಿ, ಫ್ಲೆಕ್ಸ್ ಚೌಕಟ್ಟುಗಳು. ಇದನ್ನು ಬರಿಗೈಯಲ್ಲಿ ಮುಟ್ಟಲು ಯಾರನ್ನೂ ಬಿಡಬಾರದು. ಮೊದಲ ಭಾನುವಾರವೇ ಒಬ್ಬ ಹುಡುಗನ ಅಂಗೈ ಕುಯ್ದು ಮೂರು ಹೊಲಿಗೆ ಬಿದ್ದವು. ಮರುವಾರದಿಂದ ರಬ್ಬರ್ ಕೈಗವಸು, ಬೂಟು ಇಲ್ಲದವರಿಗೆ ಮೇಲಿನ ಸಾಲಿನ ಕೆಲಸವೆಂದು ನಿಯಮ ಮಾಡಿದೆವು. ಅದರ ಕೆಳಗಿನದು ಕಪ್ಪು ಗೋಡು. ರೈತರ ಕಣ್ಣಿಗೆ ಅದು ಕಸವಲ್ಲ, ಗೊಬ್ಬರ. ಗೋಡು ಬೇಕಾದವರು ತಮ್ಮ ಟ್ರ್ಯಾಕ್ಟರ್ ತಂದು, ಡೀಸೆಲ್ ತಾವೇ ಹಾಕಿಸಿ ಒಯ್ಯಬೇಕು; ಕೇರಿಯ ಹೊಲಗಳಿಗೂ ಸಮ ಪಾಲು ಬೀಳಬೇಕು. ಸಾಗಣೆಯ ಖರ್ಚು ಹೀಗೆ ನೀಗಿತು.

ಬಾಂಡಲಿಗಳು ಕೈಯಿಂದ ಕೈಗೆ ಮೆಟ್ಟಿಲೇರುವ ಸಾಲಿನಲ್ಲಿ ಯಾರ ಪಕ್ಕ ಯಾರು ನಿಲ್ಲಬೇಕು ಎಂದು ನಾನು ಹೇಳಲಿಲ್ಲ. ಮೊದಲ ವಾರ ನಮ್ಮ ಬೀದಿಯವರು ಒಂದು ಸಾಲು, ಕೇರಿಯವರು ಒಂದು ಸಾಲು ನಿಂತರು. ಆರನೆಯ ವಾರದ ಹೊತ್ತಿಗೆ ಹೂಳು ಆಳಕ್ಕೆ ಇಳಿದು, ಮೇಲೆ ಮುಟ್ಟಿಸಲು ಒಂದು ಸಾಲಿನ ಜನ ಸಾಲದೇ ಹೋದರು. ಎರಡು ಸಾಲು ಒಂದಾಯಿತು. ಮೊದಲಿಗೆ ಕಾಣುತ್ತಿದ್ದದ್ದು ಹನ್ನೊಂದು ಮೆಟ್ಟಿಲು. ಕೊನೆಯ ಭಾನುವಾರ ಎಣಿಸಿದಾಗ ಹತ್ತೊಂಬತ್ತು.

ಒಂದು ಮಾತಿಗೆ ಮಾತ್ರ ನಾನು ಹಟ ಹಿಡಿದೆ. ಕಲ್ಲುಗಳ ಸಂದಿಗೆ ಸಿಮೆಂಟು ಮೆತ್ತಿ ಚೆಂದ ಮಾಡೋಣವೆಂದು ದಾನಿಗಳೊಬ್ಬರು ಮುಂದೆ ಬಂದಿದ್ದರು. ಅಂತರ್ಜಲ ಕಲ್ಯಾಣಿಗೆ ಜಿನುಗುವುದು ಆ ಸಂದಿಗಳಿಂದ. ಮುಚ್ಚಿದರೆ ಹಿಂದೆ ನೀರು ಒತ್ತಿ ಗೋಡೆಯೇ ಉಬ್ಬಿ ಬೀಳಬಹುದು. ಬೇಡವೆಂದೆವು. ಅವರಿಗೆ ನೋವಾಯಿತು. ಆ ದುಡ್ಡನ್ನು ಕಾಲುವೆಯ ಬಾಯಿಯಲ್ಲಿ ಹೂಳು ತಡೆಯುವ ಒಂದು ಗುಂಡಿಗೆ ಕೊಡಿ ಎಂದು ಕೇಳಿಕೊಂಡಾಗ ಒಪ್ಪಿದರು. ವರ್ಷಕ್ಕೆರಡು ಸಲ ಆ ಗುಂಡಿ ಬಾಚಿದರೆ ಕಲ್ಯಾಣಿಯ ಹೂಳು ಬಹುಪಾಲು ತಪ್ಪುತ್ತದೆ.

ರಸ್ತೆಯ ಕೆಳಗಿನ ಕೊಳವೆ ಏಪ್ರಿಲ್‌ನಲ್ಲಿ ಬಿತ್ತು. ಮೇ ತಿಂಗಳ ಮಳೆಗೆ ಬೋರೆಯ ಕೆಂಪು ನೀರು ಕಾಲುವೆಯಲ್ಲಿ ಉರುಳಿಬಂದು ಕಲ್ಯಾಣಿಗೆ ಬೀಳುವ ಸದ್ದು ರಾತ್ರಿ ನಮ್ಮ ಮನೆಗೆ ಕೇಳಿಸಿತು. ಅಪ್ಪ ಲಾಟೀನು ಹಿಡಿದು ಓಡಿದ. ಜುಲೈನಲ್ಲಿ ಕನ್ನಂಬಾಡಿ ತುಂಬಿದಾಗ ನಮ್ಮ ಕಲ್ಯಾಣಿಯಲ್ಲೂ ಒಂಬತ್ತು ಮೆಟ್ಟಿಲು ನೀರಿತ್ತು.

ಗಂಗೆ ಪೂಜೆಯ ದಿನ ಮೊದಲ ಕೊಡ ಯಾರು ತುಂಬಬೇಕೆಂದು ಶಾಲೆಯ ಅಂಗಳದಲ್ಲಿ ಎರಡು ಸಂಜೆ ಮಾತಾಯಿತು. ಪುಸ್ತಕ ನೋಡೋಣ, ಕಲ್ಯಾಣಿಗೆ ಅತಿ ಹೆಚ್ಚು ಗೆರೆ ಇರುವ ಮನೆ ಯಾವುದೋ ಅವರು ತುಂಬಲಿ ಎಂದು ನಮ್ಮ ಬೀದಿಯ ಹಿರಿಯರೊಬ್ಬರೇ ಹೇಳಿದರು. ಓದಿದೆ. ನೀರುಗಂಟಿ ತಾತನ ಮನೆ, ಹದಿಮೂರಕ್ಕೆ ಹದಿಮೂರು ಭಾನುವಾರ, ಕೆಲವು ದಿನ ಇಬ್ಬಿಬ್ಬರು. ಪೂಜೆಯ ದಿನ ನಮ್ಮ ಬೀದಿಯ ನಾಲ್ಕು ಮನೆಗಳವರು ಬರಲಿಲ್ಲ. ಅದರಲ್ಲಿ ನನ್ನ ದೊಡ್ಡಪ್ಪನ ಮನೆಯೂ ಒಂದು. ತಾತ ಊರುಗೋಲನ್ನು ಮೇಲಿಟ್ಟು, ಸೊಸೆಯ ಭುಜ ಹಿಡಿದು ಮೆಟ್ಟಿಲು ಇಳಿದರು. ಮೂರನೆಯ ಮೆಟ್ಟಿಲಿನಲ್ಲಿ ನಿಂತು, ಬಗ್ಗಿ, ಅಂಗೈಯಿಂದ ಕಲ್ಲನ್ನು ಒಮ್ಮೆ ಸವರಿದರು. ಅಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಅಜ್ಜಿ ಮೇಲೆ ನನ್ನ ತೋಳು ಹಿಡಿದು ನಿಂತಿದ್ದಳು. ತಾತ ತುಂಬಿದ ಕೊಡದಿಂದ ತೀರ್ಥದಂತೆ ಎಲ್ಲರಿಗೂ ನೀರು ಹಂಚಿದಾಗ ಅವಳು ಬಲಗೈ ಚಾಚಿದಳು, ಎಡಗೈಯನ್ನು ಅದರ ಕೆಳಗೆ ಹಿಡಿದಳು.

ಈಗ ನಾನು ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಓದುತ್ತಿದ್ದೇನೆ. ಹಾಸ್ಟೆಲಿನಲ್ಲಿರುವುದರಿಂದ ಪುಸ್ತಕವನ್ನು ಊರಿನಲ್ಲೇ ಇರುವ, ದ್ವಿತೀಯ ಪಿಯುಸಿಯ ಒಬ್ಬ ಹುಡುಗಿಗೆ ಕೊಟ್ಟಿದ್ದೇನೆ. ಕೇರಿಯವಳು. ಕೊಡುವಾಗ ಮನಸ್ಸಿಗೆ ಕಷ್ಟವಾಯಿತು, ಇಲ್ಲವೆನ್ನಲಾರೆ. ಅವಳು ಮೊದಲ ವಾರವೇ ನನ್ನ ಪದ್ಧತಿಯನ್ನು ಬದಲಿಸಿದ್ದಾಳೆ. ಮನೆಯ ಹೆಸರಿಗೆ ಇದ್ದ ಗೆರೆಗಳನ್ನು ಒಡೆದು, ಗಂಡಸರು ಬಂದದ್ದಕ್ಕೆ ಬೇರೆ, ಹೆಂಗಸರು ಬಂದದ್ದಕ್ಕೆ ಬೇರೆ ಸಾಲು ಮಾಡಿದ್ದಾಳೆ. ಮಾಡಿ ನೋಡಿದರೆ ಮುಕ್ಕಾಲು ಪಾಲು ಗೆರೆ ಹೆಂಗಸರವು. ಇದನ್ನು ನಾನೇಕೆ ನೋಡಲಿಲ್ಲ ಎಂದು ಕೇಳಿದಳು.

ಬಾರದಿದ್ದ ನಾಲ್ಕು ಮನೆಗಳಲ್ಲಿ ಎರಡು ಬಂದಿವೆ, ದೊಡ್ಡಪ್ಪನ ಮನೆ ಇನ್ನೂ ಬಂದಿಲ್ಲ. ನೀರುಗಂಟಿ ತಾತ ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಈ ಸಲವೂ ಅವರ ಮನೆಯವರು ಹುರುಳಿ ಹಾಕಿದ್ದಾರೆ. ಮೊನ್ನೆ ಅವ್ವ ಮೊಬೈಲಿನಲ್ಲಿ ಹೇಳಿದಳು, ಕಾಯಿ ಬಲಿತಿದೆಯಂತೆ, ಭಾನುವಾರ ಕೀಳುತ್ತಾರಂತೆ. ನಮ್ಮ ಪುಟದಲ್ಲಿ ಅವರಿಗೆ ಎರಡು ಗೆರೆ ಬಾಕಿ ಇದೆಯಂತೆ. ಶನಿವಾರ ರಾತ್ರಿಯ ಬಸ್ಸಿಗೆ ಬರುತ್ತೇನೆ ಎಂದಿದ್ದೇನೆ. ಬಿಸಿಲೇರುವ ಮೊದಲು ಹೊಲದಲ್ಲಿರಬೇಕು.